ಸ್ಮಾರ್ಟ್‌ಫೋನುಗಳ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಸ್ಪರ್ಧೆಯ ಸ್ವರೂಪ

ಅರ್ಥಶಾಸ್ತ್ರದ ಪ್ರವೇಶಗ್ರಂಥಗಳಲ್ಲಿ ಸ್ಪರ್ಧೆಯ ತತ್ತ್ವವನ್ನು ವಿವರಿಸುವಾಗ ಅಕ್ಕಿ, ಬಟ್ಟೆ, ಸಾಬೂನುಗಳಂಥ ಪದಾರ್ಥಗಳನ್ನು ಉದಾಹರಿಸುವುದು ವಾಡಿಕೆ. ಒಬ್ಬ ವರ್ತಕನ ಅಕ್ಕಿ ಚೆನ್ನಾಗಿಲ್ಲದಿದ್ದರೆ, ಅಥವಾ ಅದರ ಬೆಲೆ ಹೆಚ್ಚಾಗಿದ್ದರೆ, ಗಿರಾಕಿಯು ಪಕ್ಕದ ಅಂಗಡಿಗೆ ಹೋಗುತ್ತಾನೆ. ಅವನು ಹೋದ ಮಾತ್ರಕ್ಕೆ ಉಳಿದ ಗಿರಾಕಿಗಳು ಕೊಂಡ ಅಕ್ಕಿಯ ಗುಣ ಕೆಡುವುದಿಲ್ಲ. ಈ ಕೊನೆಯ ಮಾತು ಎಷ್ಟು ಸಹಜವಾಗಿ ತೋರುತ್ತದೆಂದರೆ ಗ್ರಂಥಕರ್ತರು ಅದನ್ನು ಹೇಳುವ ಗೋಜಿಗೇ ಹೋಗುವುದಿಲ್ಲ. ಆದರೆ ಈ ಮಾತು ಸಲ್ಲದ ಪದಾರ್ಥಗಳೂ ಉಂಟು. ಅಂಥವುಗಳಲ್ಲಿ ಸ್ಮಾರ್ಟ್‌ಫೋನಿನ ಆಪರೇಟಿಂಗ್ ಸಿಸ್ಟಮ್ ಮುಖ್ಯವಾದದ್ದು. ಇಲ್ಲಿ ಒಬ್ಬ ಬಳಕೆದಾರನು ಬಿಟ್ಟುಹೋದರೆ ಉಳಿದವರ ಕೈಯಲ್ಲಿರುವ ವಸ್ತುವಿನ ಉಪಯುಕ್ತತೆಯೂ ತುಸು ಕುಗ್ಗುತ್ತದೆ. ಒಬ್ಬನು ಬಂದು ಸೇರಿದರೆ ತುಸು ಹಿಗ್ಗುತ್ತದೆ. ಈ ಒಂದು ಸಂಗತಿಯಿಂದ ಸ್ಪರ್ಧೆಯ ಇಡೀ ಚಿತ್ರವೇ ಬೇರೆಯಾಗುತ್ತದೆ.

2010ರ ಸುಮಾರಿಗೆ ಈ ಕ್ಷೇತ್ರದಲ್ಲಿ ಸಿಂಬಿಯನ್, ಬ್ಲ್ಯಾಕ್‌ಬೆರಿ, ಐಓಎಸ್, ಆಂಡ್ರಾಯ್ಡ್, ವಿಂಡೋಸ್ ಫೋನ್, ವೆಬ್‌ಓಎಸ್, ಬಾಡಾ ಎಂಬ ಏಳು ವ್ಯವಸ್ಥೆಗಳು ಸೆಣಸುತ್ತಿದ್ದುವು. ಒಂದೊಂದರ ಹಿಂದೆಯೂ ದೊಡ್ಡ ಬಂಡವಾಳವಿದ್ದಿತು, ನುರಿತ ತಂತ್ರಜ್ಞರಿದ್ದರು. ಹತ್ತು ವರ್ಷ ಕಳೆಯುವುದರೊಳಗಾಗಿ, ಚೀನಾ ದೇಶವನ್ನು ಬಿಟ್ಟು ನೋಡಿದರೆ, ಗೂಗಲ್ ಕಂಪೆನಿಯ ಆಂಡ್ರಾಯ್ಡ್ ಮತ್ತು ಆ್ಯಪಲ್ ಕಂಪೆನಿಯ ಐಓಎಸ್ ಇವೆರಡೇ ಉಳಿದುವು. ಒಳ್ಳೆಯವು ಗೆದ್ದುವು, ಕೆಟ್ಟವು ಸೋತುವು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಸೋತವುಗಳಲ್ಲಿ ಕೆಲವು ನಿಜವಾಗಿಯೂ ಹಳತಾಗಿದ್ದುವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲವೂ ಹಾಗಿರಲಿಲ್ಲ. ಗೆಲುವು ಸೋಲುಗಳು ನಿರ್ಣಯವಾದುದು ವ್ಯವಸ್ಥೆಯ ಸ್ವಂತ ಗುಣದಿಂದಲ್ಲ, ಅದರ ಸುತ್ತ ನೆರೆದ ಜನದಿಂದ. ಅನಂತರ, ಆ ನೆರವಿಯನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಕರಾರುಗಳಿಂದ. ಇದನ್ನು ಕೆಲವು ಉದಾಹರಣೆಗಳ ಮೂಲಕ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಪರೇಟಿಂಗ್ ಸಿಸ್ಟಮ್ ಎಂದರೇನೆಂಬುದನ್ನು ತಿಳಿಯತಕ್ಕದ್ದು. ಇದನ್ನು ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆಯೆಂದು ಕರೆಯುವುದುಂಟು. ಮುಂದೆ ನಾವು ಬರಿದೆ ‘ವ್ಯವಸ್ಥೆ’ ಎನ್ನುವೆವು. ಫೋನಿನೊಳಗೆ ಲೆಕ್ಕಮಾಡುವ ಪ್ರೊಸೆಸರ್, ನೆನಪಿಡುವ ಮೆಮೊರಿ, ಪರದೆ, ಕ್ಯಾಮರಾ, ರೇಡಿಯೋ ಮುಂತಾದ ಅಂಗಗಳಿವೆ. ಇವುಗಳನ್ನು ಆಳುವ ಮೂಲ ತಂತ್ರಾಂಶವೇ ವ್ಯವಸ್ಥೆ. ಚಿತ್ರ ತೆಗೆಯುವ ಒಂದು ಆ್ಯಪ್ ತಾನಾಗಿ ಕ್ಯಾಮರಾವನ್ನು ಮುಟ್ಟುವಂತಿಲ್ಲ. ಅದು ವ್ಯವಸ್ಥೆಯನ್ನು ಕೇಳಬೇಕು. ವ್ಯವಸ್ಥೆಯು ಬಳಕೆದಾರನ ಅಪ್ಪಣೆಯಿದೆಯೇ ಎಂದು ನೋಡಿ, ಕ್ಯಾಮರಾದಿಂದ ಚಿತ್ರವನ್ನು ಪಡೆದು, ಆ್ಯಪಿಗೆ ಒಪ್ಪಿಸುತ್ತದೆ. ಹೀಗೆ ಕೇಳುವುದಕ್ಕೆ ಒಂದೊಂದು ವ್ಯವಸ್ಥೆಯೂ ತನ್ನದೇ ಆದ ಕ್ರಮವನ್ನು ಗೊತ್ತುಪಡಿಸಿದೆ. ಆಂಡ್ರಾಯ್ಡಿಗೆ ಬರೆಯುವವರು ಜಾವಾ ಅಥವಾ ಕೋಟ್ಲಿನ್ ಭಾಷೆಯನ್ನು ಬಳಸಿ ಆಂಡ್ರಾಯ್ಡಿನ ಕ್ರಮದಲ್ಲಿ ಕೇಳುತ್ತಾರೆ. ಐಓಎಸ್‌ಗೆ ಬರೆಯುವವರು ಆಬ್ಜೆಕ್ಟಿವ್-ಸಿ ಅಥವಾ ಸ್ವಿಫ್ಟ್ ಭಾಷೆಯನ್ನು ಬಳಸಿ ಐಓಎಸ್‌ನ ಕ್ರಮದಲ್ಲಿ ಕೇಳುತ್ತಾರೆ. ಒಂದರ ಕ್ರಮ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಎರಡಕ್ಕೂ ಒಟ್ಟಿಗೆ ಬರೆಯುವ ಸಾಧನಗಳು ಈಚೆಗೆ ಬಂದಿವೆಯಾದರೂ ಪ್ರತಿಯೊಂದರಲ್ಲಿಯೂ ಪರೀಕ್ಷಿಸಿ, ತಿದ್ದಿ, ವರ್ಷವರ್ಷವೂ ನವೀಕರಿಸುವ ಹೊರೆ ತಪ್ಪಿದ್ದಲ್ಲ. ಈ ತಾಂತ್ರಿಕ ಸಂಗತಿಯೇ ಮುಂದಿನ ಆರ್ಥಿಕ ಸಂಗತಿಗಳಿಗೆಲ್ಲ ಮೂಲ.

ನಮ್ಮ ಕಡೆಯ ವಾರದ ಸಂತೆಯನ್ನು ನೆನೆದುಕೊಂಡರೆ ವಿಷಯವು ಸುಲಭವಾಗುತ್ತದೆ. ಅಕ್ಕಪಕ್ಕದ ಎರಡು ಊರುಗಳಲ್ಲಿ ಒಂದೇ ದಿನ ಸಂತೆ ಕೂಡುವುದೆಂದು ಭಾವಿಸೋಣ. ಒಂದು ಊರಿನ ಮಾಳದಲ್ಲಿ ಒಳ್ಳೆಯ ನೆರಳಿದೆ, ನೀರಿದೆ, ನೆಲ ಸಮವಾಗಿದೆ. ಇನ್ನೊಂದರಲ್ಲಿ ಇವು ಅಷ್ಟಾಗಿ ಇಲ್ಲ, ಆದರೆ ಜನ ಹೆಚ್ಚಾಗಿ ನೆರೆಯುತ್ತಾರೆ. ಮಾರುವವನು ಎಲ್ಲಿಗೆ ಹೋಗುತ್ತಾನೆ? ಕೊಳ್ಳುವವರು ಹೆಚ್ಚಾಗಿರುವಲ್ಲಿಗೆ. ಕೊಳ್ಳುವವನು ಎಲ್ಲಿಗೆ ಹೋಗುತ್ತಾನೆ? ಮಾರುವವರು ಹೆಚ್ಚಾಗಿರುವಲ್ಲಿಗೆ. ಕಾಲಕ್ರಮದಲ್ಲಿ ನೆರಳಿನ ಮಾಳವು ಬರಿದಾಗುತ್ತದೆ. ಫೋನಿನ ವ್ಯವಸ್ಥೆಯೆಂಬುದು ಈ ಮಾಳ; ಆ್ಯಪ್ ಬರೆಯುವವರು ಮಾರುವವರು; ಫೋನ್ ಹಿಡಿದವರು ಕೊಳ್ಳುವವರು. ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ಈ ಬಗೆಯ ಉಪಯುಕ್ತತೆಯನ್ನು ಮೈಕೇಲ್ ಕಾಟ್ಜ್ ಮತ್ತು ಕಾರ್ಲ್ ಷಪೀರೋ ಎಂಬವರು 1985ರ ತಮ್ಮ ಪ್ರಬಂಧದಲ್ಲಿ ಕ್ರಮವಾಗಿ ವಿವೇಚಿಸಿದರು. ಎರಡು ಬಗೆಯ ಜನರನ್ನು ಒಂದೆಡೆ ಕೂಡಿಸುವ ಮಾರುಕಟ್ಟೆಗಳನ್ನು ಕುರಿತು ಜ್ಯಾಂ-ಷಾರ್ಲ್ ರೋಷೆ ಮತ್ತು ಜ್ಯಾಂ ತಿರೋಲ್ 2003ರಲ್ಲಿ ಬರೆದರು. ತಿರೋಲರಿಗೆ 2014ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಿಕ ದೊರೆಯಿತು.

ಆದರೆ ಸಂತೆಯ ನಿದರ್ಶನವು ಇಲ್ಲಿಗೆ ಸಾಲದು. ಹಾಗಿದ್ದರೆ ಕೊನೆಗೆ ಒಂದೇ ವ್ಯವಸ್ಥೆ ಉಳಿಯಬೇಕಾಗಿತ್ತಲ್ಲ, ಎರಡು ಹೇಗೆ ಉಳಿದುವು ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಫೋನ್ ಕೊಳ್ಳುವವನು ಸಾಮಾನ್ಯವಾಗಿ ಒಂದನ್ನೇ ಕೊಳ್ಳುತ್ತಾನೆ. ಆ್ಯಪ್ ಬರೆಯುವವನಾದರೋ ಎರಡು ಸಂತೆಗಳಲ್ಲಿಯೂ ಅಂಗಡಿ ಇಡಬಲ್ಲನು, ಖರ್ಚು ಹುಟ್ಟುವುದಾದರೆ. ಆಂಡ್ರಾಯ್ಡಿನ ಕಡೆ ಜನಸಂಖ್ಯೆ ಅಪಾರ. ಐಫೋನಿನ ಕಡೆ ಜನ ಕಡಿಮೆಯಾದರೂ ಅವರು ಆ್ಯಪ್‌ಗಳಿಗಾಗಿ ಹೆಚ್ಚು ಹಣ ಕೊಡುವವರು. ಆದಕಾರಣ ಬರೆಯುವವನಿಗೆ ಎರಡು ಕಡೆಯೂ ಲಾಭವುಂಟು. ಮೂರನೆಯ ವ್ಯವಸ್ಥೆಗೆ ಬರೆಯುವ ಖರ್ಚು ಮೊದಲಿನೆರಡರಷ್ಟೇ. ಅದರಿಂದ ದೊರೆಯುವ ಹೊಸ ಗಿರಾಕಿಗಳು ಮಾತ್ರ ಬೆರಳೆಣಿಕೆ. ಎರಡಕ್ಕೆ ಎಡೆಯಿದ್ದು ಮೂರಕ್ಕೆ ಎಡೆಯಿಲ್ಲದಿರುವುದರ ರಹಸ್ಯ ಈ ಲೆಕ್ಕದಲ್ಲಿದೆ.

ಈಗ ಚರಿತ್ರೆಗೆ ಬರೋಣ. ಸಿಂಬಿಯನ್ ವ್ಯವಸ್ಥೆಯು ಬ್ರಿಟನ್ನಿನ ಸೈಯಾನ್ ಕಂಪೆನಿಯ ಕೈಗಣಕಗಳಿಗಾಗಿ ರಚಿತವಾದ ಎಪಾಕ್ ಎಂಬ ತಂತ್ರಾಂಶದಿಂದ ಹುಟ್ಟಿದ್ದು. 1998ರಲ್ಲಿ ಸೈಯಾನ್, ನೋಕಿಯಾ, ಎರಿಕ್‌ಸನ್, ಮೋಟೊರೋಲ ಇವು ಸೇರಿ ಸಿಂಬಿಯನ್ ಕಂಪೆನಿಯನ್ನು ಸ್ಥಾಪಿಸಿದುವು. 2007ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಸ್ಮಾರ್ಟ್‌ಫೋನುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಈ ವ್ಯವಸ್ಥೆಯವೇ ಆಗಿದ್ದುವು. ಮೆಮೊರಿಯೂ ಬ್ಯಾಟರಿಯೂ ತೀರ ಮಿತವಾಗಿದ್ದ ಕಾಲದಲ್ಲಿ ರೂಪುಗೊಂಡುದರಿಂದ ಅದು ಮಿತವ್ಯಯದಲ್ಲಿ ಎಲ್ಲವನ್ನೂ ಮೀರಿಸಿತ್ತು. ಆದರೆ ಆ ಮಿತವ್ಯಯದ ಭಾರವೆಲ್ಲವೂ ಆ್ಯಪ್ ಬರೆಯುವವನ ತಲೆಯ ಮೇಲೆ ಬೀಳುತ್ತಿತ್ತು. ಪಡೆದ ಮೆಮೊರಿಯನ್ನು ಕೆಲಸ ನಡುವೆ ನಿಂತರೂ ಹಿಂದಿರುಗಿಸುವಂತೆ ಅವನೇ ಏರ್ಪಾಡು ಮಾಡಬೇಕು. ಒಂದು ಸಾಲು ಅಕ್ಷರಗಳನ್ನು ಹಿಡಿದಿಡುವುದಕ್ಕೂ ಆ ವ್ಯವಸ್ಥೆಗೇ ವಿಶಿಷ್ಟವಾದ ವಿಧಿಗಳಿದ್ದುವು. ಇಷ್ಟು ಕಲಿತರೂ ಕಷ್ಟ ಮುಗಿಯುತ್ತಿರಲಿಲ್ಲ. ನೋಕಿಯಾದ ಫೋನುಗಳಲ್ಲಿ ಎಸ್60, ಸೋನಿ ಎರಿಕ್‌ಸನ್ ಫೋನುಗಳಲ್ಲಿ ಯುಐಕ್ಯೂ, ಜಪಾನಿನಲ್ಲಿ ಮೋಆಪ್ ಎಂಬ ಬೇರೆ ಬೇರೆ ಹೊದಿಕೆಗಳಿದ್ದು, ಒಂದಕ್ಕೆ ಬರೆದ ಆ್ಯಪ್ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಹೆಸರಿಗೆ ಒಂದೇ ಸಂತೆ. ನಡುವೆ ಮಾತ್ರ ಎತ್ತರದ ಗೋಡೆಗಳು. ಗಿರಾಕಿಗಳ ಸಂಖ್ಯೆ ಅಷ್ಟಿದ್ದರೂ ಮಾರುವವರು ನೆಲೆಯೂರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಆ್ಯಪಲ್ ಕಂಪೆನಿಯು ಐಫೋನನ್ನು 2007ರ ಜನವರಿ 9ರಂದು ಪ್ರಕಟಪಡಿಸಿ ಜೂನ್ 29ರಂದು ಮಾರಾಟಕ್ಕೆ ತಂದಿತು. ಬಹುಮಂದಿ ಮರೆತಿರುವ ಒಂದು ಸಂಗತಿಯೆಂದರೆ, ಆಗ ಅದಕ್ಕೆ ಹೊರಗಿನವರು ಆ್ಯಪ್ ಬರೆದು ಸೇರಿಸುವ ಏರ್ಪಾಡೇ ಇರಲಿಲ್ಲ. ಬೇಕಾದವರು ಬ್ರೌಸರಿನಲ್ಲಿ ನಡೆಯುವ ಜಾಲಪುಟಗಳನ್ನು ರಚಿಸಿಕೊಳ್ಳಬೇಕೆಂಬುದು ಕಂಪೆನಿಯ ಮೊದಲ ನಿಲುವಾಗಿತ್ತು. ಆ ನಿಲುವನ್ನು ಬಿಟ್ಟು 2008ರ ಜುಲೈ 10ರಂದು ಆ್ಯಪ್ ಸ್ಟೋರನ್ನು ತೆರೆದಾಗ ಅದರಲ್ಲಿದ್ದುದು ಸುಮಾರು 500 ಆ್ಯಪ್‌ಗಳು. ಬರೆಯುವವನು ಬೆಲೆಯನ್ನು ಗೊತ್ತುಮಾಡುತ್ತಾನೆ. ಹಣವನ್ನು ಆ್ಯಪಲ್ ವಸೂಲುಮಾಡಿ, ಆಗ 100ಕ್ಕೆ 30ನ್ನು ಇಟ್ಟುಕೊಂಡು ಉಳಿದುದನ್ನು ಅವನಿಗೆ ಕಳುಹಿಸುತ್ತಿತ್ತು. ಈ 30 ಮುಂದೆ ದೊಡ್ಡ ವ್ಯಾಜ್ಯಗಳಿಗೆ ಕಾರಣವಾಯಿತಾದರೂ ಆ ಹೊತ್ತಿನಲ್ಲಿ ಅದು ಸಣ್ಣ ತಂತ್ರಜ್ಞರಿಗೆ ವರದಂತೆ ತೋರಿತು. ದೂರವಾಣಿ ಸೇವೆಯ ಕಂಪೆನಿಗಳ ಬಾಗಿಲಲ್ಲಿ ಕಾಯದೆ ಲೋಕದ ಗಿರಾಕಿಗಳನ್ನು ನೇರವಾಗಿ ಮುಟ್ಟುವ ದಾರಿ ಅವರಿಗೆ ಅದರಿಂದ ದೊರೆಯಿತು.

ಆಂಡ್ರಾಯ್ಡಿನ ಮಾರ್ಗ ಬೇರೆ. ಅದನ್ನು ರಚಿಸಲು ಹೊರಟ ಚಿಕ್ಕ ಕಂಪೆನಿಯನ್ನು ಗೂಗಲ್ 2005ರಲ್ಲಿ ಕೊಂಡಿತು. 2007ರ ನವೆಂಬರ್ 5ರಂದು 34 ಸಂಸ್ಥೆಗಳ ಒಕ್ಕೂಟವೊಂದು ಘೋಷಿತವಾಯಿತು. ಮೊದಲ ಫೋನು 2008ರ ಅಕ್ಟೋಬರಿನಲ್ಲಿ ಬಂದಿತು. ಲಿನಕ್ಸ್ ತಿರುಳಿನ ಮೇಲೆ ಕಟ್ಟಿದ ಈ ವ್ಯವಸ್ಥೆಯ ಮೂಲಪಠ್ಯವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬೆಲೆಯಿಲ್ಲದೆ ಬಳಸಬಹುದು. ಇಷ್ಟು ಶ್ರಮಪಟ್ಟು ರಚಿಸಿದುದನ್ನು ಉಚಿತವಾಗಿ ಕೊಡುವುದು ಔದಾರ್ಯವೇ ಎಂದರೆ, ಅಲ್ಲ. ಗೂಗಲಿನ ಆದಾಯವು ಹುಡುಕಾಟದ ಜೊತೆಗೆ ತೋರಿಸುವ ಜಾಹೀರಾತುಗಳಿಂದ ಬರತಕ್ಕದ್ದು. ಜನರು ಗಣಕವನ್ನು ಬಿಟ್ಟು ಫೋನಿನಲ್ಲಿ ಹುಡುಕತೊಡಗಿದಾಗ ಆ ಫೋನಿನ ಬಾಗಿಲು ಬೇರೆಯವರ ಕೈಯಲ್ಲಿದ್ದರೆ ಆದಾಯಕ್ಕೆ ಕುತ್ತು. ಈ ಬಾಗಿಲಿನ ಬೆಲೆಯೆಷ್ಟೆಂಬುದು ಅಮೆರಿಕದ ನ್ಯಾಯಾಲಯದಲ್ಲಿ ನಡೆದ ವಿಚಾರಣೆಯಿಂದ ಹೊರಬಿದ್ದಿತು: ತನ್ನ ಹುಡುಕುಯಂತ್ರವನ್ನೇ ಮೊದಲ ಆಯ್ಕೆಯಾಗಿ ಇರಿಸಲು ಗೂಗಲ್ ಆ್ಯಪಲ್ಲಿಗೆ 2022ನೆಯ ಒಂದೇ ವರ್ಷದಲ್ಲಿ ಸುಮಾರು 20 ಶತಕೋಟಿ ಡಾಲರುಗಳನ್ನು ಕೊಟ್ಟಿತ್ತು. ಸ್ಪರ್ಧಿಗಳೆಂದು ನಾವು ಹೆಸರಿಸುವ ಇಬ್ಬರ ನಡುವೆ ಇಂಥ ಸಂಬಂಧವೂ ಇದ್ದಿತೆಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನಮ್ಮ ವಾದಕ್ಕೆ ಅತ್ಯಂತ ಬೋಧಪ್ರದವಾದ ಉದಾಹರಣೆ ವಿಂಡೋಸ್ ಫೋನು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ.

2010ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಹೊರತಂದ ಈ ವ್ಯವಸ್ಥೆಯು ಅನುಕರಣವಾಗಿರಲಿಲ್ಲ. ಪರದೆಯ ಮೇಲಿನ ಚೌಕಗಳು ತಾವಾಗಿಯೇ ಹೊಸ ಸುದ್ದಿಯನ್ನು ತೋರಿಸುತ್ತಿದ್ದುವು, ಅಕ್ಷರವಿನ್ಯಾಸ ಅಚ್ಚುಕಟ್ಟಾಗಿತ್ತು, 2013ರ ಲೂಮಿಯಾ 520ರಂಥ ಅಗ್ಗದ ಫೋನಿನಲ್ಲಿಯೂ ಅದು ತಡವರಿಸದೆ ನಡೆಯುತ್ತಿತ್ತು. ಬಂಡವಾಳಕ್ಕೆ ಕೊರತೆಯಿರಲಿಲ್ಲ. 2011ರ ಫೆಬ್ರವರಿ 11ರಂದು ನೋಕಿಯಾದ ಮುಖ್ಯಸ್ಥ ಸ್ಟೀಫನ್ ಈಲಪ್, ತಮ್ಮ ಕಂಪೆನಿಯು ಸಿಂಬಿಯನ್ನನ್ನು ಬಿಟ್ಟು ವಿಂಡೋಸ್ ಫೋನನ್ನು ಅವಲಂಬಿಸುವುದೆಂದು ಸಾರಿದರು. ಲೋಕದಲ್ಲಿ ಅತಿ ಹೆಚ್ಚು ಫೋನುಗಳನ್ನು ತಯಾರಿಸುತ್ತಿದ್ದ ಕಂಪೆನಿ ಒಂದು ಕಡೆ, ಲೋಕದ ಗಣಕಗಳಿಗೆಲ್ಲ ವ್ಯವಸ್ಥೆಯನ್ನು ಒದಗಿಸುತ್ತಿದ್ದ ಕಂಪೆನಿ ಇನ್ನೊಂದು ಕಡೆ. ಇಂಥ ಮೈತ್ರಿಯು ಸೋಲುವುದೆಂದು ಆಗ ಹೇಳಿದ್ದರೆ ಹಲವರು ನಂಬುತ್ತಿರಲಿಲ್ಲ. ಆದರೆ ಸಾರಿದ ಹೊತ್ತಿಗೆ ಹೊಸ ಫೋನುಗಳು ಸಿದ್ಧವಾಗಿರಲಿಲ್ಲ. ಮೊದಲ ಲೂಮಿಯಾ ಬಂದುದು ಆ ವರ್ಷದ ಕೊನೆಗೆ. ತಯಾರಕನೇ ಕೈಬಿಟ್ಟ ಸಿಂಬಿಯನ್ ಫೋನನ್ನು ನಡುವಣ ತಿಂಗಳುಗಳಲ್ಲಿ ಕೊಳ್ಳುವವರಾರು?

ಮುಂದಿನದು ಆ್ಯಪ್‌ಗಳ ಕಥೆ. ಬಳಕೆದಾರರು ಕಡಿಮೆಯೆಂದು ಆ್ಯಪ್ ಬರೆಯುವವರು ಬರಲಿಲ್ಲ. ಆ್ಯಪ್‌ಗಳಿಲ್ಲವೆಂದು ಬಳಕೆದಾರರು ಬರಲಿಲ್ಲ. ಇನ್‌ಸ್ಟಾಗ್ರಾಂ 2013ರ ನವೆಂಬರಿನವರೆಗೂ ಬರಲಿಲ್ಲ, ಸ್ನ್ಯಾಪ್‌ಚಾಟ್ ಎಂದಿಗೂ ಬರಲಿಲ್ಲ. ಗೂಗಲ್ ಸಂಸ್ಥೆಯು ಯೂಟ್ಯೂಬಿನ ಪೂರ್ಣ ಆ್ಯಪನ್ನು ವಿಂಡೋಸ್ ಫೋನಿಗೆ ಬರೆದುಕೊಡಲಿಲ್ಲವಾಗಿ ಮೈಕ್ರೋಸಾಫ್ಟ್ 2013ರ ಮೇ ತಿಂಗಳಲ್ಲಿ ತಾನೇ ಒಂದನ್ನು ಬರೆದು ಪ್ರಕಟಿಸಿತು. ಅದರಲ್ಲಿ ಜಾಹೀರಾತುಗಳಿಲ್ಲವೆಂದೂ ನಿಯಮಗಳನ್ನು ಮೀರಿದೆಯೆಂದೂ ಗೂಗಲ್ ಆಕ್ಷೇಪಿಸಿತು. ಆಗಸ್ಟಿನಲ್ಲಿ ತಿದ್ದಿ ತಂದುದನ್ನೂ ತಡೆಹಿಡಿಯಿತು. ನಿಯಮದ ಮಾತಿನಲ್ಲಿ ಹುರುಳಿದ್ದಿರಬಹುದು. ಆದರೆ ಒಬ್ಬ ಸ್ಪರ್ಧಿಯ ಸಂತೆಗೆ ಬೇಕಾದ ಸರಕು ಇನ್ನೊಬ್ಬ ಸ್ಪರ್ಧಿಯ ಉಗ್ರಾಣದಲ್ಲಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೈಕ್ರೋಸಾಫ್ಟಿನ ಸ್ವಂತ ತಪ್ಪುಗಳೂ ಇದ್ದುವು. 2012ರಲ್ಲಿ ಎಂಟನೆಯ ಆವೃತ್ತಿ ಬಂದಾಗ ಏಳನೆಯ ಆವೃತ್ತಿಯ ಫೋನುಗಳನ್ನು ಅದಕ್ಕೆ ಏರಿಸಲು ಬರುತ್ತಿರಲಿಲ್ಲ. ಅಂದರೆ, ಕಷ್ಟಪಟ್ಟು ಕೂಡಿಸಿದ ಮೊದಲ ಗಿರಾಕಿಗಳನ್ನೇ ಹೊರಗಿಟ್ಟಂತಾಯಿತು. ಎದುರಾಳಿಯು ವ್ಯವಸ್ಥೆಯನ್ನು ಉಚಿತವಾಗಿ ಕೊಡುತ್ತಿರುವಾಗ ತಯಾರಕರಿಂದ ಪರವಾನಿಗೆಯ ಹಣವನ್ನು ಕೇಳುತ್ತ ಬಂದು, 2014ರ ಏಪ್ರಿಲಿನಲ್ಲಷ್ಟೇ ಅದನ್ನು ಕೈಬಿಟ್ಟಿತು. ಅದೇ ತಿಂಗಳು ನೋಕಿಯಾದ ಫೋನ್ ವಿಭಾಗವು ಮೈಕ್ರೋಸಾಫ್ಟಿನ ವಶವಾಯಿತು. ಒಪ್ಪಂದದ ಮೊತ್ತ 5.44 ಶತಕೋಟಿ ಯೂರೋ. ಮರುವರ್ಷ, 2015ರ ಜುಲೈಯಲ್ಲಿ, ಅದರ ಬಾಬ್ತು ಸುಮಾರು 7.6 ಶತಕೋಟಿ ಡಾಲರುಗಳನ್ನು ನಷ್ಟವೆಂದು ಲೆಕ್ಕದಿಂದ ತೆಗೆದುಹಾಕಬೇಕಾಯಿತು. ಚೆನ್ನೈ ಬಳಿಯ ಶ್ರೀಪೆರುಂಬುದೂರಿನಲ್ಲಿ 2006ರಿಂದ ನಡೆಯುತ್ತಿದ್ದ ನೋಕಿಯಾದ ದೊಡ್ಡ ಕಾರ್ಖಾನೆಯು ತೆರಿಗೆಯ ವಿವಾದದ ಕಾರಣ ಈ ವಿಕ್ರಯದಲ್ಲಿ ಸೇರಲಿಲ್ಲ. 2014ರ ನವೆಂಬರಿನಲ್ಲಿ ಅದು ಮುಚ್ಚಿಹೋಗಿ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ವಾಟ್ಸ್ಆ್ಯಪ್ 2019ರ ಡಿಸೆಂಬರ್ 31ರ ಅನಂತರ ವಿಂಡೋಸ್ ಫೋನುಗಳಲ್ಲಿ ನಿಂತಿತು. ಮೈಕ್ರೋಸಾಫ್ಟಿನ ಬೆಂಬಲವೇ 2020ರ ಜನವರಿಯಲ್ಲಿ ಕೊನೆಗೊಂಡಿತು.

ಹೊಸ ವ್ಯವಸ್ಥೆಯಲ್ಲಿ ಆಂಡ್ರಾಯ್ಡಿನ ಆ್ಯಪ್‌ಗಳೇ ನಡೆಯುವಂತೆ ಮಾಡಿದರೆ ಸಮಸ್ಯೆ ಬಗೆಹರಿಯದೇ ಎಂಬ ಉಪಾಯವು ಯಾರಿಗೂ ಹೊಳೆಯುವಂಥದು. 2013ರ ಬ್ಲ್ಯಾಕ್‌ಬೆರಿ 10 ಹಾಗೆಯೇ ಮಾಡಿತು. ಫಲವೇನೆಂದರೆ, ಆಂಡ್ರಾಯ್ಡಿನ ಆ್ಯಪೇ ಇಲ್ಲಿ ನಡೆಯುವಾಗ ಬ್ಲ್ಯಾಕ್‌ಬೆರಿಗೆಂದು ಬೇರೆ ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಎರವಲು ಆ್ಯಪ್‌ಗಳು ಮೂಲದಷ್ಟು ಚೆನ್ನಾಗಿ ನಡೆಯದಿದ್ದುದರಿಂದ ಆಂಡ್ರಾಯ್ಡನ್ನೇ ಏಕೆ ಕೊಳ್ಳಬಾರದೆಂದು ಗಿರಾಕಿಗೂ ತೋರಿತು. 1992ರಲ್ಲಿ ಐಬಿಎಂ ಕಂಪೆನಿಯು ತನ್ನ ಓಎಸ್/2ರಲ್ಲಿ ವಿಂಡೋಸಿನ ತಂತ್ರಾಂಶಗಳು ನಡೆಯುವಂತೆ ಮಾಡಿದಾಗಲೂ ಇದೇ ಆಗಿತ್ತು. ಮೈಕ್ರೋಸಾಫ್ಟ್ ಕೂಡ 2015ರಲ್ಲಿ ಈ ಉಪಾಯವನ್ನು ಘೋಷಿಸಿ 2016ರಲ್ಲಿ ಕೈಬಿಟ್ಟಿತು. ವೆಬ್‌ಓಎಸ್‌ನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: ಪಾಮ್ ಕಂಪೆನಿಯು 2009ರಲ್ಲಿ ತಂದ ಈ ಸೊಗಸಾದ ವ್ಯವಸ್ಥೆಯನ್ನು ಎಚ್‌ಪಿ ಕಂಪೆನಿಯು 2010ರಲ್ಲಿ ಕೊಂಡಿತು, 2011ರ ಆಗಸ್ಟಿನಲ್ಲಿ ಅದರ ಫೋನುಗಳನ್ನು ನಿಲ್ಲಿಸಿತು. ಈಗ ಅದು ಎಲ್‌ಜಿ ಕಂಪೆನಿಯ ದೂರದರ್ಶನಗಳಲ್ಲಿ ಬದುಕಿದೆ.

ಇಷ್ಟರವರೆಗೆ ನಾವು ವಿವರಿಸಿದುದು ನೆರವಿಯ ತಾನಾದ ಬೆಳವಣಿಗೆ. ಇದರ ಮೇಲೆ ಕರಾರುಗಳ ಕಟ್ಟು ಬಂದಿತು. ಆಂಡ್ರಾಯ್ಡಿನ ಮೂಲಪಠ್ಯವು ಮುಕ್ತವೆಂದೆವು. ಆದರೆ ಪ್ಲೇ ಸ್ಟೋರ್, ನಕ್ಷೆ, ಯೂಟ್ಯೂಬ್, ಮತ್ತು ಅನೇಕ ಆ್ಯಪ್‌ಗಳು ಒಳಗಿಂದೊಳಗೆ ಅವಲಂಬಿಸುವ ಗೂಗಲ್ ಪ್ಲೇ ಸರ್ವಿಸಸ್ ಇವು ಮುಕ್ತವಲ್ಲ. ಅವು ಬೇಕಾದ ತಯಾರಕನು ಗೂಗಲಿನೊಡನೆ ಕರಾರು ಮಾಡಿಕೊಳ್ಳಬೇಕು. ಮಾಳಕ್ಕೆ ಬೇಲಿಯಿಲ್ಲ, ಆದರೆ ತಕ್ಕಡಿಯೂ ತೂಕದ ಕಲ್ಲೂ ಒಬ್ಬನ ಕೈಯಲ್ಲಿವೆ. 2012ರ ಸೆಪ್ಟೆಂಬರಿನಲ್ಲಿ ತೈವಾನಿನ ಏಸರ್ ಕಂಪೆನಿಯು ಚೀನಾದ ಆಲಿಬಾಬಾ ಸಂಸ್ಥೆಯ ಅಲಿಯುನ್ ಎಂಬ ವ್ಯವಸ್ಥೆಯುಳ್ಳ ಫೋನನ್ನು ಬಿಡುಗಡೆಮಾಡಲು ಸಿದ್ಧವಾಗಿದ್ದು, ಅದು ಆಂಡ್ರಾಯ್ಡಿನ ಒಪ್ಪಿಗೆಯಿಲ್ಲದ ಕವಲೆಂದು ಗೂಗಲ್ ಆಕ್ಷೇಪಿಸಿದುದರಿಂದ ಸಮಾರಂಭವನ್ನೇ ರದ್ದುಗೊಳಿಸಿತು. ಒಂದು ಫೋನಿನಲ್ಲಿ ಕವಲನ್ನು ಪ್ರಯೋಗಿಸಿದರೆ ಉಳಿದ ಎಲ್ಲ ಫೋನುಗಳ ಪ್ಲೇ ಸ್ಟೋರಿಗೂ ಅಪಾಯವೆಂದಾಗ ಯಾವ ತಯಾರಕನು ಧೈರ್ಯಮಾಡುತ್ತಾನೆ? ಆಂಡ್ರಾಯ್ಡ್ ನೂರು ಕವಲಾಗಿ ಒಡೆದರೆ ಸಿಂಬಿಯನ್ನಿಗೆ ಬಂದ ಗತಿಯೇ ಬರುವುದೆಂಬುದು ಗೂಗಲಿನ ಸಮರ್ಥನೆ. ಸಿಂಬಿಯನ್ನಿನ ಚರಿತ್ರೆಯನ್ನು ನೋಡಿದವರು ಇದನ್ನು ಪೊಳ್ಳೆಂದು ತಳ್ಳಿಹಾಕಲಾರರು. ಆದರೆ ಒಡೆಯದಂತೆ ಕಾಯುವುದು ಒಂದು, ಹುಡುಕುಯಂತ್ರವನ್ನೂ ಬ್ರೌಸರನ್ನೂ ಅದರೊಡನೆ ಗಂಟುಹಾಕುವುದು ಇನ್ನೊಂದು. ಯೂರೋಪಿಯನ್ ಕಮಿಷನ್ 2018ರ ಜುಲೈ 18ರಂದು 4.34 ಶತಕೋಟಿ ಯೂರೋ ದಂಡ ವಿಧಿಸಿದಾಗ ಈ ಗಂಟನ್ನೂ ಕವಲುಗಳ ನಿಷೇಧವನ್ನೂ ಕಾರಣಗಳನ್ನಾಗಿ ಹೇಳಿತು. 2022ರಲ್ಲಿ ಅಲ್ಲಿನ ಜನರಲ್ ಕೋರ್ಟ್ ತೀರ್ಪಿನ ಬಹುಭಾಗವನ್ನು ಎತ್ತಿಹಿಡಿದು ದಂಡವನ್ನು 4.125 ಶತಕೋಟಿಗೆ ಇಳಿಸಿತು. ಐಫೋನಿನ ಕಡೆಯ ಬೇಲಿ ಇನ್ನೊಂದು ಬಗೆಯದು. ಅಲ್ಲಿ ಯಂತ್ರ, ವ್ಯವಸ್ಥೆ, ಅಂಗಡಿ ಮೂರೂ ಒಬ್ಬನವೇ. ಅದರ ಮೇಲೆ ಅಮೆರಿಕದ ನ್ಯಾಯ ಇಲಾಖೆಯು 2024ರ ಮಾರ್ಚಿಯಲ್ಲಿ ದಾವೆ ಹೂಡಿತು.

ಚೀನಾದ ಹ್ವಾವೇ ಕಂಪೆನಿಗೆ ಸಂಭವಿಸಿದುದು ಪ್ರಯೋಗಶಾಲೆಯ ಪರೀಕ್ಷೆಯಂತಿದೆ. 2019ರ ಮೇ ತಿಂಗಳಲ್ಲಿ ಅಮೆರಿಕದ ಸರಕಾರವು ಅದರೊಡನೆ ವ್ಯಾಪಾರವನ್ನು ನಿರ್ಬಂಧಿಸಿತು. ಆ ಸೆಪ್ಟೆಂಬರಿನಲ್ಲಿ ಬಂದ ಅದರ ಮೇಟ್ 30 ಫೋನಿನಲ್ಲಿ ಆಂಡ್ರಾಯ್ಡಿನ ಮುಕ್ತ ಭಾಗವಿದ್ದಿತು, ಗೂಗಲಿನ ಆ್ಯಪ್‌ಗಳಿರಲಿಲ್ಲ. ಯಂತ್ರದಲ್ಲಿ ಕುಂದಿರಲಿಲ್ಲ, ಆದರೂ ಯೂರೋಪಿನ ಗಿರಾಕಿಗಳು ದೂರವಾದರು. ಚೀನಾದ ಒಳಗೆ ಪ್ಲೇ ಸ್ಟೋರ್ ಮೊದಲಿನಿಂದಲೂ ಇರಲಿಲ್ಲವಾದುದರಿಂದ ಅಲ್ಲಿನ ಗಿರಾಕಿಗೆ ಏನನ್ನೋ ಕಳೆದುಕೊಂಡಂತೆ ತೋರಲೇ ಇಲ್ಲ. ಅದೇ ಕಂಪೆನಿಯು 2024ರ ಅಕ್ಟೋಬರಿನಲ್ಲಿ ಆಂಡ್ರಾಯ್ಡಿನ ಆ್ಯಪ್‌ಗಳನ್ನು ನಡೆಸದ ತನ್ನದೇ ಹಾರ್ಮನಿಓಎಸ್ ನೆಕ್ಸ್ಟನ್ನು ಹೊರತರಲು ಸಾಧ್ಯವಾದುದೂ ಆ ದೇಶದ ಒಳಗೇ.

ಭಾರತಕ್ಕೆ ಬಂದರೆ, ಇಲ್ಲಿ ಬಳಕೆಯಲ್ಲಿರುವ ಸ್ಮಾರ್ಟ್‌ಫೋನುಗಳ ಪೈಕಿ ಶೇಕಡಾ 90ಕ್ಕಿಂತ ಹೆಚ್ಚು ಆಂಡ್ರಾಯ್ಡಿನವು. ಎಂದಮೇಲೆ, ಎರಡರ ನಡುವಣ ಸ್ಪರ್ಧೆಯೆಂಬ ಮಾತೂ ನಮ್ಮ ಬಹುಪಾಲು ಜನರಿಗೆ ಅನ್ವಯಿಸುವುದಿಲ್ಲ. ಹತ್ತು ಸಾವಿರ ರೂಪಾಯಿಗಳಲ್ಲಿ ಫೋನ್ ಕೊಳ್ಳುವ ವಿದ್ಯಾರ್ಥಿಯ ಮುಂದೆ ತಯಾರಕರು ಹಲವರು, ವ್ಯವಸ್ಥೆ ಒಂದೇ. ಮೂರನೆಯದನ್ನು ತರುವ ಯತ್ನಗಳು ಇಲ್ಲಿಯೂ ನಡೆದುವು. 2014ರಲ್ಲಿ ಇಂಟೆಕ್ಸ್ ಕಂಪೆನಿಯು 1,999 ರೂಪಾಯಿಗಳಿಗೆ ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ ಫೋನನ್ನು ತಂದಿತು. 2015ರಲ್ಲಿ ಸ್ಯಾಮ್‌ಸಂಗ್ 5,700 ರೂಪಾಯಿಗಳಿಗೆ ಟೈಜನ್ ವ್ಯವಸ್ಥೆಯ ಜೆಡ್1 ಫೋನನ್ನು ತಂದಿತು. ಎರಡೂ ನಿಲ್ಲಲಿಲ್ಲ. ಫೈರ್‌ಫಾಕ್ಸ್ ಓಎಸ್‌ನ ಕವಲಾದ ಕೈಓಎಸ್ ಮಾತ್ರ 2017ರ ಜಿಯೋಫೋನಿನ ಮೂಲಕ ಕೋಟ್ಯಂತರ ಜನರನ್ನು ಮುಟ್ಟಿತು. ಕಾರಣ, ಅದು ಆಂಡ್ರಾಯ್ಡಿನೊಡನೆ ಸೆಣಸಲಿಲ್ಲ. 1,500 ರೂಪಾಯಿ ಠೇವಣಿಗೆ ದೊರೆಯುವ ಗುಂಡಿಗಳ ಫೋನಾಗಿ ಅದರ ಕೆಳಗಣ ಮೆಟ್ಟಿಲಿನಲ್ಲಿ ನಿಂತಿತು. ಅಲ್ಲಿಯೂ ಜನ ಮೊದಲು ಕೇಳಿದ್ದು ವಾಟ್ಸ್ಆ್ಯಪನ್ನು. ಅದು ಬಂದುದು 2018ರ ಸೆಪ್ಟೆಂಬರಿನಲ್ಲಿ. ಜಿಯೋ ಕಂಪೆನಿಯೇ ಒಂದು ಮೆಟ್ಟಿಲು ಮೇಲೇರಿ 2021ರಲ್ಲಿ ತಂದ ಜಿಯೋಫೋನ್ ನೆಕ್ಸ್ಟ್, ಗೂಗಲಿನ ಸಹಕಾರದಲ್ಲಿ ಆಂಡ್ರಾಯ್ಡಿನ ಮೇಲೆ ರಚಿತವಾದದ್ದು.

ಕನ್ನಡ ಓದುಗರಿಗೆ ಈ ಸ್ಪರ್ಧೆಯಲ್ಲಿ ಇನ್ನೊಂದು ಹಿತವೂ ಅಡಗಿತ್ತು. ಕನ್ನಡದ ಒತ್ತಕ್ಷರಗಳೂ ಗುಣಿತಾಕ್ಷರಗಳೂ ಪರದೆಯ ಮೇಲೆ ಸರಿಯಾಗಿ ಕೂಡಬೇಕಾದರೆ, ಅಕ್ಷರಗಳನ್ನು ಜೋಡಿಸುವ ಯಂತ್ರಾಂಗವು ವ್ಯವಸ್ಥೆಯೊಳಗೇ ಇರತಕ್ಕದ್ದು. ಆ್ಯಪ್ ಬರೆಯುವವನು ಅದನ್ನು ಹೊರಗಿನಿಂದ ಒದಗಿಸುವುದು ಕಷ್ಟ. ಆಂಡ್ರಾಯ್ಡಿನ ಆರಂಭದ ಆವೃತ್ತಿಗಳಲ್ಲಿ ಅನೇಕ ಫೋನುಗಳ ಮೇಲೆ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದುವು. 2012ರ 4.1ನೆಯ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಅವಕಾಶವಾಯಿತು. ಐಫೋನಿನಲ್ಲಿ ಹೊರಗಿನವರ ಕೀಲಿಮಣೆಗಳನ್ನು ಹಾಕಿಕೊಳ್ಳಲು 2014ರಲ್ಲಿ ಅನುಮತಿ ದೊರೆಯಿತು. ಆ್ಯಪಲ್ ತನ್ನದೇ ಕನ್ನಡ ಕೀಲಿಮಣೆಯನ್ನು ಕೊಟ್ಟುದು 2017ರ ಐಓಎಸ್ 11ರಲ್ಲಿ. ಈ ಐದು ವರ್ಷಗಳ ಅಂತರಕ್ಕೆ ತಾಂತ್ರಿಕ ಕಾರಣಕ್ಕಿಂತ ಹೆಚ್ಚಾಗಿ ಗಿರಾಕಿಗಳ ಲೆಕ್ಕವೇ ಕಾರಣವೆಂದು ನಮಗೆ ತೋರುತ್ತದೆ. ಕನ್ನಡಿಗರು ಯಾರ ಸಂತೆಯಲ್ಲಿ ಹೆಚ್ಚಾಗಿದ್ದರೋ ಅವರೇ ಮೊದಲು ಕನ್ನಡವನ್ನು ಕಲಿತರು.

ಇನ್ನುಳಿದಿರುವ ಸ್ಪರ್ಧೆ ಒಂದು ವ್ಯವಸ್ಥೆಯ ಒಳಗಿನದು, ಎಂದರೆ ಆ್ಯಪ್ ಅಂಗಡಿಗಳದು. ಭಾರತ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ತಯಾರಕರ ಮೇಲಿನ ಕರಾರುಗಳನ್ನು ಸಡಿಲಿಸಬೇಕೆಂದು ನಿರ್ದೇಶಿಸಿತು. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಡಲಿಲ್ಲ. ಕೆಲವು ದಿನಗಳಲ್ಲಿಯೇ ಗೂಗಲ್, ತಯಾರಕರು ಬೇಕಾದ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಬಹುದೆಂದು ಪ್ರಕಟಿಸಿತು. ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿಯಿತಾದರೂ ಆಯೋಗದ ನಾಲ್ಕು ನಿರ್ದೇಶನಗಳನ್ನು ತೆಗೆದುಹಾಕಿತು. ಬೇರೆಯವರ ಆ್ಯಪ್ ಅಂಗಡಿಗಳನ್ನು ಪ್ಲೇ ಸ್ಟೋರಿನ ಮೂಲಕವೇ ಹಂಚಲು ಬಿಡಬೇಕೆಂಬುದು ಅವುಗಳಲ್ಲಿ ಒಂದು. ವಿವಾದವು ಅಲ್ಲಿಂದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಬೆಂಗಳೂರಿನ ಫೋನ್‌ಪೇ ಕಂಪೆನಿಯು 2024ರ ಫೆಬ್ರವರಿ 21ರಂದು, ಇಂಗ್ಲಿಷಿನೊಡನೆ 12 ಭಾರತೀಯ ಭಾಷೆಗಳಲ್ಲಿ, ಇಂಡಸ್ ಆ್ಯಪ್‌ಸ್ಟೋರ್ ಎಂಬ ಅಂಗಡಿಯನ್ನು ತೆರೆದಾಗ ಅದು ಪ್ಲೇ ಸ್ಟೋರಿನಲ್ಲಿ ಇರಲಿಲ್ಲ. ಬೇಕಾದವರು ಅದರ ಜಾಲತಾಣಕ್ಕೆ ಹೋಗಿ, ಅಪರಿಚಿತ ಮೂಲದ ಆ್ಯಪಿನಿಂದ ಅಪಾಯವಾಗಬಹುದೆಂದು ಆಂಡ್ರಾಯ್ಡ್ ತೋರಿಸುವ ಎಚ್ಚರಿಕೆಯನ್ನು ದಾಟಿ ಅದನ್ನು ಪಡೆಯಬೇಕಾಗಿತ್ತು. ಇಲ್ಲವೇ ಫೋನ್ ತಯಾರಕನು ಕಾರ್ಖಾನೆಯಲ್ಲಿಯೇ ಅದನ್ನು ಸೇರಿಸಿ ಕಳುಹಿಸಬೇಕಾಗಿತ್ತು.